ಪಾವು ಬಿಟ್ಟು ಚಟಾಕಿಗೆ ಬಂದೆ: ಇಬ್ಬರಿಗೆ ಸಾಕಾಗುವಷ್ಟು ಸಿಹಿ

ಮಗ ಕೆಲಸಕ್ಕೆಂದು ಪುಣೆಗೆ ಹೋದ ವರ್ಷ, ಯಜಮಾನರ ಹುಟ್ಟುಹಬ್ಬಕ್ಕೆ ಎಂದಿನಂತೆ ಒಂದು ಪಾವು ರವೆ ಅಳೆದು ಕೇಸರಿಬಾತ್ ಮಾಡಿದೆ. ಕೈಗೆ ರೂಢಿಯಾಗಿದ್ದ ಅಳತೆ ಅದೇ. ಮನೆಯಲ್ಲಿ ಈಗ ಇರುವುದು ಇಬ್ಬರೇ ಅಂತ ನೆನಪಾಗಿದ್ದು ಬಾಣಲೆ ಇಳಿಸಿದ ಮೇಲೆ. ಮೊದಲ ದಿನ ಬಿಸಿಬಿಸಿ ತಿಂದೆವು. ಎರಡನೇ ದಿನ ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡಿಕೊಂಡು ತಿಂದೆವು. ಮೂರನೇ ದಿನ ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ಪಕ್ಕದ ಮನೆಗೂ ಒಂದು ಡಬ್ಬಿ ಕೊಟ್ಟಿದ್ದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ವಾ, ಅವರು ಅದರ ತುಂಬ ಕೊಬ್ಬರಿ ಮಿಠಾಯಿ ಹಾಕಿ ಕಳಿಸಿದ್ದರು. ಅಲ್ಲಿಗೆ ನಮ್ಮ ಮನೆಯ ಸಿಹಿ ಕಮ್ಮಿಯಾಗುವ ಬದಲು ಜಾಸ್ತಿಯೇ ಆಯಿತು.

ಆಮೇಲೆ ಕಮ್ಮಿ ಮಾಡುವುದನ್ನು ಕಲಿತೆ. ಕಲಿಯಬೇಕಾಯಿತು ಅನ್ನಿ. ಒಂದು ಪಾವಿನ ಲೆಕ್ಕವನ್ನು ಸುಮ್ನೆ ನಾಲ್ಕರಿಂದ ಭಾಗಿಸಿದರೆ ಸಿಹಿ ಸರಿಯಾಗಿ ಬರುವುದಿಲ್ಲ. ನೀರು ಕಡಿಮೆ ಬೀಳುತ್ತದೆ, ತಳ ಹಿಡಿಯುತ್ತದೆ, ಏಲಕ್ಕಿ ಘಾಟು ಹೊಡೆಯುತ್ತದೆ, ಮಿಕ್ಸಿ ಸುಮ್ನೆ ತಿರುಗುತ್ತದೆ. ನಾನು ಕೆಡಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರೇ ಇರುವ ಮನೆಗೆ, ಒಬ್ಬರೇ ರೂಮು ಮಾಡಿಕೊಂಡಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಬಟ್ಟಲು, ಆಮೇಲೆ ಅಳತೆ

ಅಡುಗೆಗೆ ನಿಲ್ಲುವ ಮೊದಲು ತಿನ್ನುವ ಬಟ್ಟಲನ್ನು ಕೈಗೆ ತಗೊಳ್ಳಿ. ನಮ್ಮ ಮನೆಯಲ್ಲಿ ಪಾಯಸಕ್ಕೆಂದು ಎರಡು ಪುಟ್ಟ ಸ್ಟೀಲ್ ಬಟ್ಟಲಿವೆ. ನೀರು ಹಾಕಿ ಅಳೆದು ನೋಡಿದೆ, ಒಂದೊಂದಕ್ಕೆ ಸುಮಾರು 150 ಮಿ.ಲೀ. ಹಿಡಿಯುತ್ತದೆ. ಊಟವಾದ ಮೇಲೆ ಒಬ್ಬರಿಗೆ ಇಷ್ಟು ಪಾಯಸ ಸಾಕು. ಗಟ್ಟಿ ಸಿಹಿಯಾದರೆ ಇದಕ್ಕಿಂತ ಸ್ವಲ್ಪ ಕಮ್ಮಿ. ಅಂದರೆ ನನ್ನ ಗುರಿ 300 ಮಿ.ಲೀ. ಪಾಯಸ, ಇಲ್ಲವೇ 250 ಗ್ರಾಂ ಒಳಗಿನ ಕೇಸರಿಬಾತ್. ಈ ಲೆಕ್ಕ ಒಂದು ಸಲ ಗೊತ್ತಾದರೆ ರವೆಯ ಡಬ್ಬಿಗೆ ಕೈ ಹಾಕುವಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಇನ್ನು ಅಳತೆ. ಅಮ್ಮನ ಕಾಲದಲ್ಲಿ ಸೇರು, ಅಚ್ಚೇರು, ಪಾವು, ಚಟಾಕು ಇದ್ದವು. ಸೇರಿನ ಅರ್ಧ ಅಚ್ಚೇರು, ಕಾಲು ಭಾಗ ಪಾವು, ಪಾವಿನ ಕಾಲು ಭಾಗ ಚಟಾಕು. ಈಗಿನ ಕಪ್ಪಿನ ಲೆಕ್ಕದಲ್ಲಿ ಪಾವು ಹೆಚ್ಚುಕಮ್ಮಿ ಒಂದು ಕಪ್, ಚಟಾಕು ಕಾಲು ಕಪ್. ಇಬ್ಬರಿಗೆ ಮಾಡುವ ಸಿಹಿಗೆ ಈ ಚಟಾಕೇ ಸರಿಯಾದ ಅಳತೆ. ಹಳೇ ಚಟಾಕು ಸಿಗದಿದ್ದರೆ ಊಟದ ಚಮಚ ಸಾಕು. ಅಳತೆ ಚಮಚದ ಸೆಟ್ಟಿನಲ್ಲಿ ದೊಡ್ಡದು 15 ಮಿ.ಲೀ., ಟೀ ಚಮಚ 5 ಮಿ.ಲೀ. ನಾಲ್ಕು ದೊಡ್ಡ ಚಮಚ ಸೇರಿದರೆ ಕಾಲು ಕಪ್. ಮನೆಯಲ್ಲಿ ಊಟಕ್ಕೆ ಬಳಸುವ ಚಮಚಗಳು ಒಂದೊಂದು ಒಂದೊಂದು ಗಾತ್ರ. ಒಂದು ಪಾವು ಮಾಡುವಾಗ ಅರ್ಧ ಚಮಚ ಹೆಚ್ಚುಕಮ್ಮಿಯಾದರೆ ಯಾರಿಗೂ ತಿಳಿಯುವುದಿಲ್ಲ. ಚಟಾಕಿನಲ್ಲಿ ಅದೇ ಅರ್ಧ ಚಮಚ ಸಿಹಿಯನ್ನು ಕೆಡಿಸುತ್ತದೆ. ಹಾಗಾಗಿ ಒಂದು ಅಳತೆ ಸೆಟ್ ತಗೊಳ್ಳಿ. ಈ ಲೇಖನದಲ್ಲಿ ಬರೀ ಚಮಚ ಅಂದರೆ 15 ಮಿ.ಲೀ. ಚಮಚ.

ಪಾತ್ರೆ ದೊಡ್ಡದಾದರೆ ಕೆಟ್ಟಿತು

ಮೊದಲ ಸಲ ನಾನು ಮಾಡಿದ ತಪ್ಪು ಇದು. ರವೆ ಚಟಾಕು, ಬಾಣಲೆ ಮಾತ್ರ ಹಳೇದು, ಹತ್ತು ಜನಕ್ಕೆ ಮಾಡುವಂಥದ್ದು. ರವೆ ತಳದಲ್ಲಿ ಹರಡಿಕೊಂಡು ಒಂದು ಕಡೆ ಕೆಂಪಾಯಿತು, ಇನ್ನೊಂದು ಕಡೆ ಬೆಳ್ಳಗೇ ಉಳಿಯಿತು. ನೀರು ಹಾಕಿದ ಕೂಡಲೇ ಅರ್ಧ ಆವಿಯಾಯಿತು. ಅಗಲ ಪಾತ್ರೆಯಲ್ಲಿ ಸ್ವಲ್ಪ ನೀರು ಬೇಗ ಆರುತ್ತದೆ, ಅಷ್ಟೇ ವಿಷಯ. ಪದಾರ್ಥ ಕಾಲು ಭಾಗಕ್ಕೆ ಇಳಿದರೂ ಆವಿ ಅದೇ ಲೆಕ್ಕದಲ್ಲಿ ಕಮ್ಮಿಯಾಗುವುದಿಲ್ಲ.

ಹಾಗಾಗಿ ಬೇಕಾಗುವುದು 14ರಿಂದ 16 ಸೆಂ.ಮೀ. ಅಗಲದ, ದಪ್ಪ ತಳದ ಪುಟ್ಟ ಪಾತ್ರೆ. ಟೀ ಕಾಯಿಸುವ ಪಾತ್ರೆಯ ಗಾತ್ರ ಅಂದುಕೊಳ್ಳಿ. ಟೀ ಪಾತ್ರೆಯಲ್ಲೇ ಮಾಡಲು ಹೋಗಬೇಡಿ, ಅದರ ತಳ ತೆಳುವಾಗಿರುತ್ತದೆ, ಹಾಲು ಹಿಡಿಯುತ್ತದೆ. ಕರಿಯುವುದಕ್ಕೆ ಒಗ್ಗರಣೆ ಬಾಣಲೆ. ಒಲೆಯಲ್ಲಿ ಸಣ್ಣ ಬರ್ನರ್. ದೊಡ್ಡ ಬರ್ನರಿನಲ್ಲಿ ಉರಿ ಎಷ್ಟೇ ಸಣ್ಣ ಮಾಡಿದರೂ ಪುಟ್ಟ ಪಾತ್ರೆಯ ಅಂಚು ಸುಡುತ್ತದೆ.

ಇನ್ನೆರಡು ಮಾತು. ಏಲಕ್ಕಿ, ಕೇಸರಿ, ಪಚ್ಚಕರ್ಪೂರ ಇವನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಚಟಾಕಿಗೆ ಒಂದೇ ಏಲಕ್ಕಿ. ಪಚ್ಚಕರ್ಪೂರವಂತೂ ಸಾಸಿವೆ ಕಾಳಿನಷ್ಟೂ ಬೇಡ, ನಾನು ಹಾಕುವುದನ್ನೇ ಬಿಟ್ಟಿದ್ದೇನೆ. ಮತ್ತೆ, ಎಲ್ಲವನ್ನೂ ಅಳೆದು ಕೈಗೆಟುಕುವಂತೆ ಇಟ್ಟುಕೊಂಡ ಮೇಲೆ ಒಲೆ ಹಚ್ಚಿ. ಒಂದು ಪಾವು ರವೆ ಹುರಿಯುವಾಗ ಸಕ್ಕರೆ ಡಬ್ಬಿ ಹುಡುಕಿಕೊಂಡು ಬರುವಷ್ಟು ಪುರುಸೊತ್ತು ಇರುತ್ತದೆ. ಒಂದು ಚಟಾಕಿಗೆ ಇರುವುದಿಲ್ಲ.

ಚಟಾಕು ಕೇಸರಿಬಾತ್

ಇದೊಂದು ಕೈಗೆ ಹತ್ತಿದರೆ ಉಳಿದವು ಸುಲಭ. ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಬೇಕಾಗುವುದು: ಮಧ್ಯಮ ರವೆ 4 ಚಮಚ, ಸಕ್ಕರೆ 4 ಚಮಚ, ತುಪ್ಪ 2 1/2 ಚಮಚ, ನೀರು 200 ಮಿ.ಲೀ., ಗೋಡಂಬಿ 6, ದ್ರಾಕ್ಷಿ 8, ಏಲಕ್ಕಿ 1, ಕೇಸರಿ ನಾಲ್ಕೈದು ಎಳೆ, ಉಪ್ಪು ಒಂದೇ ಒಂದು ಚಿಟಿಕೆ.

ರವೆಯ ಮೂರರಷ್ಟು ನೀರು ಅನ್ನುವುದು ಮಾಮೂಲಿ ಲೆಕ್ಕ. ಆ ಪ್ರಕಾರ 180 ಮಿ.ಲೀ. ಆಗುತ್ತದೆ. ಆವಿಯಾಗಿ ಹೋಗುವುದಕ್ಕೆ ಇನ್ನು 20 ಮಿ.ಲೀ. ಸೇರಿಸಿದ್ದೇನೆ. ಚಿರೋಟಿ ರವೆಯಾದರೆ 150 ಸಾಕು.

1. ಪಕ್ಕದ ಬರ್ನರಿನಲ್ಲಿ ನೀರು ಕುದಿಯಲು ಇಡಿ. ಕೇಸರಿ ಎಳೆಯನ್ನು ಅದಕ್ಕೇ ಹಾಕಿ, ಮುಚ್ಚಿ. ಮುಚ್ಚದಿದ್ದರೆ ಅಳೆದ ನೀರು ಅಲ್ಲೇ ಕಮ್ಮಿಯಾಗುತ್ತದೆ.

2. ಪುಟ್ಟ ಬಾಣಲೆಯಲ್ಲಿ ಒಂದೂವರೆ ಚಮಚ ತುಪ್ಪ ಕಾಯಿಸಿ, ಗೋಡಂಬಿ, ದ್ರಾಕ್ಷಿ ಹುರಿದು ತೆಗೆದಿಡಿ. ದ್ರಾಕ್ಷಿ ಉಬ್ಬಿದ ತಕ್ಷಣ ತೆಗೆಯಿರಿ.

3. ಅದೇ ತುಪ್ಪಕ್ಕೆ ರವೆ ಹಾಕಿ, ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಕೈಬಿಡದೆ ಹುರಿಯಿರಿ. ಗಡಿಯಾರಕ್ಕಿಂತ ಮೂಗನ್ನು ನಂಬಿ. ಹಸಿ ವಾಸನೆ ಹೋಗಿ, ರವೆ ಸೌಟಿಗೆ ಮರಳಿನ ಹಾಗೆ ಹಗುರಾಗಿ ಸಿಗಬೇಕು. ಬಣ್ಣ ಬದಲಾಗುವುದು ಬೇಡ.

4. ಕುದಿಯುವ ನೀರನ್ನು ನಿಧಾನವಾಗಿ ಸುರಿಯಿರಿ. ಸಿಡಿಯುತ್ತದೆ, ಕೈ ದೂರ ಇರಲಿ. ಉಪ್ಪು ಹಾಕಿ, ಒಂದು ಸಲ ಕಲಸಿ, ಮುಚ್ಚಿ. ಎರಡು ನಿಮಿಷ.

5. ಒಂದು ಕಾಳು ಬಾಯಿಗೆ ಹಾಕಿ ನೋಡಿ. ಹಲ್ಲಿಗೆ ಕರಕರ ಸಿಗಬಾರದು. ಸಕ್ಕರೆ ಬಿದ್ದ ಮೇಲೆ ರವೆ ಮತ್ತೆ ಬೇಯುವುದಿಲ್ಲ. ಅರ್ಧ ಬೆಂದಿದ್ದರೆ ಕೊನೆವರೆಗೂ ಅರ್ಧವೇ. ಹಾಗಾಗಿ ಇಲ್ಲಿ ಆತುರ ಬೇಡ. ಬೇಕಿದ್ದರೆ ಒಂದು ಚಮಚ ಬಿಸಿನೀರು ಚಿಮುಕಿಸಿ ಮತ್ತೆ ಮುಚ್ಚಿ.

6. ಈಗ ಸಕ್ಕರೆ. ಹಾಕಿದ ಕೂಡಲೇ ಎಲ್ಲ ನೀರಾಗುತ್ತದೆ, ಹೆದರಬೇಡಿ. ಒಂದೂವರೆ ನಿಮಿಷ ಕಲಸಿದರೆ ಮತ್ತೆ ಸೇರಿಕೊಳ್ಳುತ್ತದೆ. ಉಳಿದ ಒಂದು ಚಮಚ ತುಪ್ಪ, ಏಲಕ್ಕಿ ಪುಡಿ, ಗೋಡಂಬಿ ಹಾಕಿ. ಅಂಚು ಬಿಡುವುದಕ್ಕೆ ಸ್ವಲ್ಪ ಮುಂಚೆಯೇ ಒಲೆ ಆರಿಸಿ. ಪುಟ್ಟ ಪಾತ್ರೆಯ ಬಿಸಿಗೇ ಉಳಿದದ್ದು ಆಗುತ್ತದೆ.

ಬಿಸಿ ಇರುವಾಗಲೇ ಬಟ್ಟಲಿಗೆ ಹಾಕಿ ತಿನ್ನಿ. ತಣ್ಣಗಾದರೆ ರವೆ ಬಿಗಿದುಕೊಳ್ಳುತ್ತದೆ, ತುಪ್ಪ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿಗೆ ಹೋದ ಕೇಸರಿಬಾತ್ ಇಟ್ಟಿಗೆಯಾಗುವುದು ಇದಕ್ಕೇ. ಅನಾನಸ್ ಹಾಕುವ ಆಸೆಯಾದರೆ ಒಂದು ಬಿಲ್ಲೆ ಸಾಕು, ಚೂರು ಮಾಡಿ ನೀರಿನ ಜೊತೆ ಬೇಯಿಸಿ. ಉಳಿದ ಅನಾನಸ್ಸನ್ನು ಹಣ್ಣಾಗೇ ತಿನ್ನಬೇಕಾಗುತ್ತದೆ ಅನ್ನುವುದು ನೆನಪಿರಲಿ. ಮುಂದೆ ಆ ವಿಷಯಕ್ಕೆ ಬರುತ್ತೇನೆ.

ಇದರ ಅಣ್ಣನಂಥದ್ದು ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ, ನಾವು ಮನೆಯಲ್ಲಿ ಸಜ್ಜಿಗೆ ಅನ್ನುತ್ತೇವೆ. ಸಪಾದ ಅಂದರೆ ಒಂದೂಕಾಲು. ರವೆ, ಸಕ್ಕರೆ, ತುಪ್ಪ ಎಲ್ಲದಕ್ಕೂ ಒಂದೂಕಾಲಿನ ಲೆಕ್ಕ. ಒಂದೂಕಾಲು ಸೇರೇ ಆಗಬೇಕೆಂದೇನಿಲ್ಲ, ಒಂದೂಕಾಲು ಪಾವೂ ಆಗುತ್ತದೆ, ಒಂದೂಕಾಲು ಚಟಾಕೂ ಆಗುತ್ತದೆ. ಎಲ್ಲ ಸಮ ಇರುವುದರಿಂದ ಇದು ಎಷ್ಟು ಚಿಕ್ಕದಾದರೂ ಕೆಡುವುದಿಲ್ಲ. ರವೆಯನ್ನು ತುಪ್ಪದಲ್ಲಿ ಹುರಿದು, ನೀರಿನ ಬದಲು ಬಿಸಿ ಹಾಲು ಹಾಕಿ, ಬೆಂದ ಮೇಲೆ ಸಕ್ಕರೆ, ಕೊನೆಗೆ ಹೆಚ್ಚಿದ ಬಾಳೆಹಣ್ಣು. ನನಗೆ ಕೇಸರಿಬಾತಿಗಿಂತ ಇದೇ ಇಷ್ಟ.

ಹಾಲಿನ ಪ್ಯಾಕೆಟ್ಟು ನೋಡಿ ಪಾಯಸ

ಶಾವಿಗೆ ಪಾಯಸ ಮಾಡಿದವರಿಗೆಲ್ಲ ಗೊತ್ತು, ಮಧ್ಯಾಹ್ನ ಪಾಯಸವಾಗಿದ್ದು ಸಾಯಂಕಾಲಕ್ಕೆ ಮುದ್ದೆಯಾಗಿರುತ್ತದೆ. ಶಾವಿಗೆ ಹಾಲು ಕುಡಿಯುತ್ತಲೇ ಇರುತ್ತದೆ. ಆಮೇಲೆ ಇನ್ನಷ್ಟು ಹಾಲು ಸುರಿದು ಸಡಿಲ ಮಾಡುತ್ತೇವೆ, ಪಾಯಸ ಇನ್ನೂ ಜಾಸ್ತಿಯಾಗುತ್ತದೆ. ಇದು ಮುಗಿಯದ ಕಥೆ.

ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಲ್ಲಿ 350 ಮಿ.ಲೀ. ಪಾಯಸಕ್ಕೆ, ಉಳಿದ 150 ಬೆಳಗಿನ ಕಾಫಿಗೆ. ಒಂದು ಟೀ ಚಮಚ ತುಪ್ಪದಲ್ಲಿ 3 ಚಮಚ ಮುರಿದ ಶಾವಿಗೆ ಹೊಂಬಣ್ಣಕ್ಕೆ ಹುರಿದು, ಹಾಲು ಹಾಕಿ ಐದಾರು ನಿಮಿಷ ಕುದಿಸಿ, 2 ಚಮಚ ಸಕ್ಕರೆ, ಒಂದು ಏಲಕ್ಕಿ. ನೋಡುವುದಕ್ಕೆ ತೀರಾ ನೀರು ಅನ್ನಿಸುವಾಗಲೇ ಇಳಿಸಿ. ಊಟ ಬಡಿಸುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ.

ಹೆಸರುಬೇಳೆ ಪಾಯಸಕ್ಕೆ 3 ಚಮಚ ಬೇಳೆ ಘಮ್ಮೆನ್ನುವಂತೆ ಹುರಿದು, ತೊಳೆದು, ಒಂದು ಕಪ್ ನೀರಿನಲ್ಲಿ ಬೇಯಿಸಿ. ಇಷ್ಟು ಸ್ವಲ್ಪಕ್ಕೆ ಬೇರೆ ಕುಕ್ಕರ್ ಇಡಬೇಡಿ. ಅನ್ನಕ್ಕೆ ಇಟ್ಟ ಕುಕ್ಕರಿನಲ್ಲೇ ಒಂದು ಪುಟ್ಟ ಡಬ್ಬಿಯಲ್ಲಿ ಬೇಯುತ್ತದೆ. ಬೆಂದ ಮೇಲೆ 4 ಚಮಚ ಬೆಲ್ಲದ ಪುಡಿ ಹಾಕಿ ಕುದಿಸಿ, ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಅರ್ಧ ಕಪ್ ಹಾಲು ಅಥವಾ ಕಾಯಿಹಾಲು. ಕುದಿಯುವ ಬೆಲ್ಲಕ್ಕೆ ಹಾಲು ಸುರಿದರೆ ಒಡೆಯುತ್ತದೆ. ಪುಟ್ಟ ಪಾತ್ರೆ ಬೇಗ ಆರುವುದರಿಂದ ಐದು ನಿಮಿಷ ಕಾದರೆ ಸಾಕು.

ಒಲೆಯೇ ಬೇಡದ ಮೂರು

ಏಲಕ್ಕಿ ಬಾಳೆ ಕಪ್ಪು ಚುಕ್ಕೆ ಬಿದ್ದು ಹಣ್ಣಾಗಿದ್ದರೆ ರಸಾಯನ ಮಾಡಿ. ನಾಲ್ಕು ಹಣ್ಣು ಬಿಲ್ಲೆ ಹೆಚ್ಚಿ, 2 ಚಮಚ ಬೆಲ್ಲದ ಪುಡಿ, ಅರ್ಧ ಕಪ್ ಕಾಯಿತುರಿಯಿಂದ ಹಿಂಡಿದ ಕಾಯಿಹಾಲು, ಹುರಿದ ಎಳ್ಳು ಒಂದು ಟೀ ಚಮಚ, ಉಪ್ಪು ಚಿಟಿಕೆ. ಹತ್ತು ನಿಮಿಷ ಬಿಟ್ಟರೆ ಬೆಲ್ಲ ಕರಗಿ ಹಣ್ಣಿಗೆ ಹಿಡಿಯುತ್ತದೆ. ನೀರುದೋಸೆ ಜೊತೆ ಇದಕ್ಕಿಂತ ಬೇರೆ ಬೇಡ. ಒಂದು ಗಂಟೆ ದಾಟಿದರೆ ಹಣ್ಣು ಕಪ್ಪಾಗುತ್ತದೆ, ಮಿಗಿಸಿಕೊಳ್ಳುವ ಆಸೆಯೇ ಹುಟ್ಟುವುದಿಲ್ಲ.

ಮಾವಿನ ಕಾಲದಲ್ಲಿ ಸೀಕರಣೆ. ಒಂದು ದೊಡ್ಡ ಬಾದಾಮಿ ಅಥವಾ ರಸಪುರಿ ಹಣ್ಣು, ಅರ್ಧ ಕಪ್ ಕಾಯಿಸಿ ಆರಿಸಿದ ಹಾಲು, ಹಣ್ಣು ನೋಡಿಕೊಂಡು ಸಕ್ಕರೆ. ಕೈಯಲ್ಲೇ ಕಿವುಚಿ. ಓಟೆ ಚೀಪುವುದು ಮಾಡಿದವರ ಹಕ್ಕು.

ಹಣ್ಣೇ ಇಲ್ಲದ ದಿನ ಸಿಹಿ ಅವಲಕ್ಕಿ. ತೆಳು ಅವಲಕ್ಕಿ ಒಂದು ಕಪ್, ಬೆಲ್ಲದ ಪುಡಿ 3 ಚಮಚ, ಕಾಯಿತುರಿ 3 ಚಮಚ. ಬೆಲ್ಲ ಮತ್ತು ಕಾಯಿಯನ್ನು ಮೊದಲು ಬೆರಳಲ್ಲಿ ಚೆನ್ನಾಗಿ ತಿಕ್ಕಿ ಒದ್ದೆ ಮಾಡಿಕೊಳ್ಳಿ, ಆಮೇಲೆ ಅವಲಕ್ಕಿ. ಕಾಯಿಯ ತೇವವೇ ಸಾಕು, ನೀರು ಹಾಕಬೇಡಿ. ಗೋಕುಲಾಷ್ಟಮಿಗೆ ನೈವೇದ್ಯಕ್ಕೂ ಆಯಿತು.

ಉಳಿಯುವುದು ಸಿಹಿಯಲ್ಲ, ಸಾಮಾನು

ಇದನ್ನು ನಾನು ತಡವಾಗಿ ಕಂಡುಕೊಂಡೆ. ಎರಡು ಬಟ್ಟಲು ಸಿಹಿ ಮಾಡಿ ಖಾಲಿ ಮಾಡಿದೆ ಅಂತ ಬೀಗುತ್ತಿದ್ದೆ. ಫ್ರಿಜ್ ತೆಗೆದರೆ ಮುಕ್ಕಾಲು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಅರ್ಧ ಪ್ಯಾಕೆಟ್ ಖೋವಾ, ಒಂದು ಹೋಳು ತೆಂಗಿನಕಾಯಿ. ಅದನ್ನು ಮುಗಿಸಲು ಇನ್ನೊಂದು ಸಿಹಿ, ಅದಕ್ಕೆ ಇನ್ನೊಂದು ಸಾಮಾನು.

ಈಗ ನನ್ನ ನಿಯಮ ಇಷ್ಟೇ. ಸಾಮಾನು ಚಮಚದಲ್ಲಿ ಅಳೆಯಲು ಬರುವಂಥದ್ದಾಗಿದ್ದು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುವುದಾದರೆ ಸರಿ: ರವೆ, ಬೇಳೆ, ಶಾವಿಗೆ, ಬೆಲ್ಲ, ತುಪ್ಪ. ಒಡೆದರೆ ಮುಗಿಸಲೇಬೇಕಾದ ಪ್ಯಾಕೆಟ್ಟಾದರೆ ಬೇಡ. ಖೋವಾ ಬೇಕೇ ಬೇಕು ಅನ್ನಿಸಿದರೆ ಹಾಲನ್ನೇ ಸ್ವಲ್ಪ ಹೊತ್ತು ಜಾಸ್ತಿ ಬತ್ತಿಸುತ್ತೇನೆ. ಕಂಡೆನ್ಸ್ಡ್ ಮಿಲ್ಕ್ ಒಡೆದಿದ್ದರೆ ಡಬ್ಬಿಯಲ್ಲೇ ಬಿಡಬೇಡಿ, ಗಾಜಿನ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಡಿ.

ತೆಂಗಿನಕಾಯಿಗೆ ಬೇರೆಯೇ ಉಪಾಯ. ಒಡೆದ ದಿನವೇ ಎರಡೂ ಹೋಳು ತುರಿದುಬಿಡಿ. ಸಿಹಿಗೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಅರ್ಧರ್ಧ ಕಪ್ಪಿನಂತೆ ಪುಟ್ಟ ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಡಿ. ಚಟ್ನಿಗೆ, ಪಲ್ಯಕ್ಕೆ ಒಂದೊಂದೇ ಡಬ್ಬಿ ತೆಗೆದರಾಯಿತು. ಇಡೀ ತುರಿಯನ್ನು ಒಂದೇ ಡಬ್ಬಿಗೆ ತುಂಬಿದರೆ ಕಲ್ಲಿನ ಹಾಗೆ ಆಗುತ್ತದೆ, ಸೌಟಿನ ಹಿಡಿಯಿಂದ ಕುಟ್ಟಿ ಒಡೆಯಬೇಕು. ನಾನು ಒಂದು ಸೌಟು ಹೀಗೇ ಮುರಿದುಕೊಂಡಿದ್ದೇನೆ. ತುರಿಯಲು ಪುರುಸೊತ್ತಿಲ್ಲದಿದ್ದರೆ ಕಣ್ಣಿರುವ ಹೋಳನ್ನು ಮೊದಲು ಬಳಸಿ, ಅದು ಬೇಗ ಕೆಡುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದರು.

ಪಡ್ಡಿನ ಕಾವಲಿಯಲ್ಲಿ ಏಳು

ಕರಿದ ಸಿಹಿ ಅಂದರೆ ಎಣ್ಣೆ ಉಳಿಯುತ್ತದೆ. ಎಂಟು ಮುಳ್ಕಕ್ಕೆಂದು ಅರ್ಧ ಬಾಣಲೆ ಎಣ್ಣೆ ಕಾಯಿಸುವುದು ನನಗೆ ಮನಸ್ಸಾಗುವುದಿಲ್ಲ. ಪಡ್ಡಿನ ಕಾವಲಿ ಇದಕ್ಕೆ ಹೇಳಿ ಮಾಡಿಸಿದ್ದು. ಗುಳಿ ಎಣಿಸಿದರೆ ಲೆಕ್ಕ ಮುಗಿಯಿತು. ನನ್ನದರಲ್ಲಿ ಏಳು ಗುಳಿ. ಅವರಿಗೆ ನಾಲ್ಕು, ನನಗೆ ಮೂರು.

ಒಂದು ಕಳಿತ ಪಚ್ಚಬಾಳೆ ಕಿವುಚಿ, 2 ಚಮಚ ಬೆಲ್ಲದ ಪುಡಿ ಬೆರೆಸಿ ಕರಗಲು ಬಿಡಿ. 4 ಚಮಚ ಗೋಧಿಹಿಟ್ಟು, 1 ಚಮಚ ಚಿರೋಟಿ ರವೆ, 1 ಚಮಚ ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ. ಕಲಸಿದರೆ ಇಡ್ಲಿ ಹಿಟ್ಟಿನ ಹದಕ್ಕೆ ಬರಬೇಕು. ಗಟ್ಟಿಯಾದರೆ ಒಂದು ಚಮಚ ಹಾಲು. ಹತ್ತು ನಿಮಿಷ ನೆನೆಯಲಿ. ಕಾವಲಿ ಸಣ್ಣ ಉರಿಯಲ್ಲಿ ಕಾದ ಮೇಲೆ ಗುಳಿಗೆ ಕಾಲು ಟೀ ಚಮಚ ತುಪ್ಪ ಬಿಟ್ಟು, ಮುಕ್ಕಾಲು ಗುಳಿ ಹಿಟ್ಟು ಹಾಕಿ, ಮುಚ್ಚಿ. ಎರಡು ಮೂರು ನಿಮಿಷಕ್ಕೆ ಅಂಚು ತಾನಾಗಿ ಬಿಡುತ್ತದೆ. ಕಡ್ಡಿಯಿಂದ ತಿರುವಿ, ಇನ್ನೆರಡು ನಿಮಿಷ. ಬೆಲ್ಲ ಇರುವುದರಿಂದ ಬೇಗ ಕಪ್ಪಾಗುತ್ತದೆ, ಉರಿ ಏರಿಸಬೇಡಿ. ಹೊರಗೆ ಕಪ್ಪು, ಒಳಗೆ ಹಸಿ ಆದರೆ ಅದು ಉರಿಯ ತಪ್ಪೇ ಹೊರತು ಹಿಟ್ಟಿನದಲ್ಲ.

ಜಾಮೂನು ಕೂಡ ಏಳೆಂಟು ಮಾಡಬಹುದು. ಪ್ಯಾಕೆಟ್ಟಿನ ಪುಡಿಯಲ್ಲಿ ಒಂದು ಚಟಾಕು ಮಾತ್ರ ತೆಗೆದು, ಉಳಿದದ್ದನ್ನು ಗಾಳಿಯಾಡದ ಡಬ್ಬಿಗೆ ಹಾಕಿಡಿ. ಒಗ್ಗರಣೆ ಬಾಣಲೆಯಲ್ಲಿ ಅರ್ಧ ಕಪ್ ಎಣ್ಣೆ ಹಾಕಿ ಮೂರು ಮೂರರಂತೆ ಕರಿಯಿರಿ. ಮಿಕ್ಕ ಪಾಕಕ್ಕೆ ನಿಂಬೆರಸ, ನೀರು ಬೆರೆಸಿದರೆ ಮಾರನೇ ದಿನಕ್ಕೆ ಪಾನಕ.

ಮಗ್ಗಿನಲ್ಲಿ ಮಾಡುವ ಕೇಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಆ ಬಿಸಿಯಲ್ಲಿ ಚೆನ್ನ, ಆರಿದರೆ ರಬ್ಬರು. ಮೊಟ್ಟೆ ಹಾಕಬೇಡಿ, ಒಂದು ಮಗ್ಗಿಗೆ ಒಂದು ಮೊಟ್ಟೆ ಜಾಸ್ತಿಯಾಗುತ್ತದೆ. 4 ಚಮಚ ಮೈದಾ, 2 ಸಕ್ಕರೆ, 1 ಕೋಕೋ ಪುಡಿ, ಕಾಲು ಟೀ ಚಮಚ ಬೇಕಿಂಗ್ ಪೌಡರ್, 4 ಚಮಚ ಹಾಲು, 1 ಚಮಚ ಎಣ್ಣೆ. ಮೈಕ್ರೋವೇವಿನಲ್ಲಿ ಒಂದು ನಿಮಿಷ ಇಟ್ಟು ನೋಡಿ, ಹಸಿ ಇದ್ದರೆ ಇನ್ನು ಹತ್ತು ಹತ್ತು ಸೆಕೆಂಡ್. ಹುಡುಗರಿಗೆ ಇಷ್ಟವಾಗುತ್ತದೆ. ನನಗೆ ಪಡ್ಡೇ ಸಾಕು.

ನಾಲ್ಕೇ ನಾಲ್ಕು ಒಬ್ಬಟ್ಟು

ಯುಗಾದಿಗೆ ಒಬ್ಬಟ್ಟು ಇಲ್ಲದೆ ಆಗುತ್ತದೆಯೇ? ಇಬ್ಬರಿಗೆಂದು ಯಾರು ಅಷ್ಟೆಲ್ಲ ಮಾಡುತ್ತಾರೆ ಅಂತ ಎರಡು ವರ್ಷ ಅಂಗಡಿಯಿಂದ ತಂದೆ. ಮೂರನೇ ವರ್ಷ ತಡೆಯಲಾಗಲಿಲ್ಲ. ಒಬ್ಬಟ್ಟಿಗಿಂತ ಒಬ್ಬಟ್ಟಿನ ಸಾರು ಬೇಕೆನಿಸಿತ್ತು. ಸಾರು ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ.

ಮೊದಲು ಕಣಕ. 5 ಚಮಚ ಮೈದಾ, 1 ಚಮಚ ಚಿರೋಟಿ ರವೆ, ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು. ನೀರು ಚಮಚದಲ್ಲೇ ಹಾಕಿ, ಸುಮಾರು 3 ಚಮಚ ಹಿಡಿಯುತ್ತದೆ. ಲೋಟದಿಂದ ಸುರಿದರೆ ಹಿಟ್ಟು ಅಂಬಲಿಯಾಗುತ್ತದೆ, ಆಮೇಲೆ ಮೈದಾ ಸೇರಿಸಿ ಸೇರಿಸಿ ಹತ್ತು ಒಬ್ಬಟ್ಟಿನ ಕಣಕವಾಗುತ್ತದೆ. ಕೈಗೆ ಅಂಟುವಷ್ಟು ಮೆದುವಾಗಿ ಕಲಸಿ, 2 ಚಮಚ ಎಣ್ಣೆ ಮೇಲೆ ಹಾಕಿ ನಾದಿ, ಎರಡು ಗಂಟೆ ಮುಚ್ಚಿಡಿ.

ಆಮೇಲೆ ಹೂರಣ. ಕಾಲು ಕಪ್ ಬೇಳೆ. ನಮ್ಮ ಮೈಸೂರು ಕಡೆ ತೊಗರಿಬೇಳೆ, ಉತ್ತರ ಕರ್ನಾಟಕದವರು ಕಡಲೆಬೇಳೆಯ ಹೋಳಿಗೆ ಮಾಡುತ್ತಾರೆ, ನಿಮ್ಮ ಮನೆಯ ರೂಢಿ. ಎರಡು ಕಪ್ ನೀರಿನಲ್ಲಿ, ಕುಕ್ಕರಿಲ್ಲದೆ, ತೆರೆದ ಪಾತ್ರೆಯಲ್ಲೇ ಬೇಯಿಸಿ. ಇಷ್ಟು ಸ್ವಲ್ಪ ಬೇಳೆ ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೂ ಗಂಜಿ. ಬೆರಳಲ್ಲಿ ಒತ್ತಿದರೆ ನುಣ್ಣಗಾಗಬೇಕು, ನೋಡುವುದಕ್ಕೆ ಕಾಳು ಕಾಳಾಗಿರಬೇಕು. ಬಸಿದ ಕಟ್ಟನ್ನು ಪಕ್ಕಕ್ಕಿಡಿ, ಅದೇ ಸಾರಿನ ಜೀವ.

ಬೇಳೆಗೆ ಕಾಲು ಕಪ್ ಬೆಲ್ಲ, 1 ಚಮಚ ಕಾಯಿತುರಿ ಹಾಕಿ ನೀರಾರುವವರೆಗೆ ಕೈಯಾಡಿಸಿ, ಏಲಕ್ಕಿ ಸೇರಿಸಿ. ಇನ್ನು ರುಬ್ಬುವುದು. ಇಲ್ಲಿ ಎಲ್ಲರೂ ಸೋಲುತ್ತಾರೆ. ದೊಡ್ಡ ಜಾರಿಗೆ ಇಷ್ಟು ಸ್ವಲ್ಪ ಹಾಕಿದರೆ ಹೂರಣ ಗೋಡೆಗೆ ಅಂಟಿಕೊಳ್ಳುತ್ತದೆ, ಬ್ಲೇಡು ಗಾಳಿಯಲ್ಲಿ ತಿರುಗುತ್ತದೆ. ಚಟ್ನಿ ಜಾರೂ ಕೆಲವೊಮ್ಮೆ ಕೈಕೊಡುತ್ತದೆ. ನೀರು ಹಾಕಿದರೆ ಕೆಟ್ಟಿತು. ಹೂರಣ ಬಿಸಿ ಇರುವಾಗಲೇ ಹಿಟ್ಟಿನ ಜರಡಿಯಂಥ ಗಟ್ಟಿ ಸ್ಟೀಲ್ ಜರಡಿಯ ಮೇಲೆ ಹಾಕಿ, ಬಟ್ಟಲಿನ ತಳದಿಂದ ಒತ್ತಿ ತಿಕ್ಕಿ. ಅಡಿಯಿಂದ ರೇಷ್ಮೆಯ ಹಾಗೆ ಇಳಿಯುತ್ತದೆ. ಐದು ನಿಮಿಷದ ಕೆಲಸ, ಮಿಕ್ಸಿ ತೊಳೆಯುವ ಕೆಲಸವೂ ಇಲ್ಲ. ಒಂದು ಪಾವಿಗೆ ಇದನ್ನು ಮಾಡಿ ಅಂದರೆ ನಾನೇ ಒಪ್ಪುವುದಿಲ್ಲ. ಚಟಾಕಿಗೆ ಇದೇ ಸುಲಭ.

ನಾಲ್ಕು ಉಂಡೆ ಮಾಡಿ. ಕಣಕವನ್ನೂ ನಾಲ್ಕು ಭಾಗ ಮಾಡಿ, ತುಂಬಿ, ಬಾಳೆಲೆಯ ಮೇಲೆ ತಟ್ಟಿ ಬೇಯಿಸಿ. ಹೂರಣ ಒಂದೆರಡು ಚಮಚ ಮಿಕ್ಕರೆ ಐದನೇ ಒಬ್ಬಟ್ಟಿಗೆಂದು ಮತ್ತೆ ಕಣಕ ಕಲಸಬೇಡಿ. ಬೆಚ್ಚಗಿನ ಹಾಲಿಗೆ ಕದಡಿದರೆ ರಾತ್ರಿಗೆ ಪಾಯಸವಾಯಿತು.

ಕಟ್ಟು ಸುಮಾರು ಒಂದು ಕಪ್ ಬಂದಿರುತ್ತದೆ. ಅದಕ್ಕೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಸಾರಿನ ಪುಡಿ, ಒಂದು ಚಮಚ ಹೂರಣ, ಕಾಯಿ. ಇಂಗಿನ ಒಗ್ಗರಣೆ. ಇಬ್ಬರಿಗೆ ಎರಡು ಹೊತ್ತಿಗೆ ಆಗುತ್ತದೆ. ಈ ಸಾರು ಮಾತ್ರ ಮಿಕ್ಕರೆ ಬೇಜಾರಿಲ್ಲ, ಮಾರನೇ ದಿನಕ್ಕೇ ಅದಕ್ಕೆ ರುಚಿ ಜಾಸ್ತಿ.

ಚಿಕ್ಕದಾಗಿ ಮಾಡಲು ಹೋಗಬಾರದ್ದು

ಮೈಸೂರು ಪಾಕ್. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಮೊದಲು ಮಾಡಿದ್ದು ಎನ್ನುತ್ತಾರೆ. ಅರಮನೆಯಲ್ಲಿ ಚಟಾಕಿನಲ್ಲಂತೂ ಮಾಡಿರಲಿಕ್ಕಿಲ್ಲ. ಸ್ವಲ್ಪ ಪಾಕ ಒಂದೆಳೆಯಿಂದ ಗಟ್ಟಿಗೆ ದಾಟುವುದು ಕೆಲವೇ ಸೆಕೆಂಡಿನಲ್ಲಿ. ಅದೂ ಅಲ್ಲದೆ, ತಟ್ಟೆಗೆ ಸುರಿದ ಮೇಲೂ ದಪ್ಪ ಗಟ್ಟಿಯ ಒಳಗಿನ ಬಿಸಿಗೆ ನಡುಭಾಗ ಕೆಂಪಾಗುತ್ತಾ ಹೋಗುತ್ತದೆ, ಗೂಡು ಗೂಡಾಗುತ್ತದೆ. ಅಂಗೈಯಷ್ಟು ಸುರಿದರೆ ಅದು ತಕ್ಷಣ ಆರುತ್ತದೆ, ಗೂಡು ಬರುವುದಿಲ್ಲ. ಎರಡು ಸಲ ಮಾಡಿ ಎರಡು ಸಲವೂ ಕಡಲೆಹಿಟ್ಟಿನ ಬಿಲ್ಲೆ ಮಾಡಿದ್ದೇನೆ. ಈಗ ಅಂಗಡಿಗೆ ಹೋಗಿ "100 ಗ್ರಾಂ ಕೊಡಿ" ಅಂತ ಕೇಳುತ್ತೇನೆ. ಮೊದಲು ನಾಚಿಕೆಯಾಗುತ್ತಿತ್ತು, ಈಗ ಇಲ್ಲ. ಚಿರೋಟಿ, ಜಹಾಂಗೀರು, ಬಾದಾಮ್ ಪೂರಿಯೂ ಇದೇ ಸಾಲಿಗೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ಬಟ್ಟಲು ಚಿಕ್ಕದು ಅಂದ ಮಾತ್ರಕ್ಕೆ ಸಕ್ಕರೆ ಮಾಯವಾಗುವುದಿಲ್ಲ. ಮೇಲಿನ ಕೇಸರಿಬಾತಿನಲ್ಲಿ 4 ಚಮಚ ಅಂದರೆ ಸುಮಾರು 50 ಗ್ರಾಂ ಸಕ್ಕರೆ ಇದೆ, ತಲೆಗೆ 25. ಇದರ ಮೇಲೆ ರವೆಯ ಲೆಕ್ಕ ಬೇರೆ. ಚಿಕ್ಕ ಅಳತೆಯಿಂದ ಒಂದು ಅನುಕೂಲ ಇದೆ, ಎಷ್ಟು ತಿಂದೆವು ಅಂತ ಸರಿಯಾಗಿ ಗೊತ್ತಾಗುತ್ತದೆ. ಎಷ್ಟು ತಿನ್ನಬಹುದು ಅನ್ನುವುದನ್ನು ನಿಮ್ಮ ಡಾಕ್ಟರನ್ನು ಕೇಳಿ.

ಇದ್ದಕ್ಕಿದ್ದಂತೆ ಇಬ್ಬರು ನೆಂಟರು ಬಂದರೆ? ಎಲ್ಲವನ್ನೂ ಎರಡರಷ್ಟು ಮಾಡಿ, ಅದೇ ಪಾತ್ರೆಯಲ್ಲೇ ಆಗುತ್ತದೆ. ನೀರಿಗೆ ಸೇರಿಸಿದ ಆ ಆವಿಯ ಪಾಲನ್ನು ಮಾತ್ರ ದುಪ್ಪಟ್ಟು ಮಾಡಬೇಡಿ. ಕೇಸರಿಬಾತಿಗೆ 400ರ ಬದಲು 380 ಸಾಕು.

ಕೊನೆಗೆ ಪಾತ್ರೆ. ಒಂದು ಪಾವು ಮಾಡಿದಾಗ ಅಂಚಿಗೆ ಅಂಟಿದ್ದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಚಟಾಕಿನಲ್ಲಿ ಅಂಟಿದ್ದೇ ಎರಡು ಚಮಚ, ತುಪ್ಪ ಗೋಡಂಬಿ ಸಮೇತ. ಬಟ್ಟಲಿಗೆ ಬಡಿಸಿದ ಮೇಲೆ ಆ ಬಿಸಿ ಬಾಣಲೆಗೆ ಅರ್ಧ ಲೋಟ ಹಾಲು ಸುರಿದು, ಸಣ್ಣ ಉರಿಯಲ್ಲಿ ಸೌಟಿನಿಂದ ಅಂಚೆಲ್ಲ ಕೆರೆಯಿರಿ. ತುಪ್ಪ ಮೇಲೆ ತೇಲುತ್ತದೆ, ರವೆ ತಳಕ್ಕೆ ಇಳಿಯುತ್ತದೆ, ಕೇಸರಿ ಬಣ್ಣ ಬಿಡುತ್ತದೆ. ಲೋಟಕ್ಕೆ ಬಗ್ಗಿಸಿಕೊಂಡು ಅಲ್ಲೇ ಒಲೆ ಮುಂದೆ ನಿಂತು ಕುಡಿಯಿರಿ. ನಮ್ಮ ಮನೆಯಲ್ಲಿ ಇದು ಎರಡು ಪಾಲಾಗುವುದಿಲ್ಲ.